ಯೂ ಗಿಡದ ಎಲೆ, ಶಮೀಮಳ ಬೆರಳು

ನಮ್ಮ ಗೇಟಿನ ಪಕ್ಕದ ಕುಂಡದಲ್ಲಿ ಒಂದು ವಿದ್ಯೆ ಗಿಡವಿದೆ. ಚಿಕ್ಕಂದಿನಲ್ಲಿ ನೀವೂ ಅದರ ಎಲೆಯನ್ನು ಪುಸ್ತಕದಲ್ಲಿಟ್ಟು ಪಾಸಾಗಲು ಕಾದವರೇ ಇರಬೇಕು. ಉಜ್ಜಿದರೆ ಮೂಗಿಗೇರುವ ಅದರ ಕಟು ಪರಿಮಳ ಟರ್ಪೀನ್ ಎಂಬ ಸಂಯುಕ್ತಗಳದು ಎಂದು ಕ್ಯಾತ್ಸಂದ್ರದ ಕಾಲೇಜಿನಲ್ಲಿ ವರ್ಷವರ್ಷವೂ ಪಾಠ ಹೇಳುವ ನನಗೆ, ನಿತ್ಯಹಸಿರಿನ ಗಿಡವೊಂದು ಎಲೆಯಲ್ಲಿ ಏನೇನು ಕೂಡಿಟ್ಟಿರುತ್ತದೆ ಎಂಬುದು ನಿಜವಾಗಿ ಮನಸ್ಸಿಗಿಳಿದದ್ದು ಪಕ್ಕದ ಮನೆಯ ಶಮೀಮಳಿಂದ.

ಶಮೀಮ್ ನಮ್ಮ ಬೀದಿಯಲ್ಲೇ ಹೊಲಿಗೆ ಅಂಗಡಿ ಇಟ್ಟವಳು. ಎದೆಯಲ್ಲಿ ಗಡ್ಡೆ ಕಾಣಿಸಿ, ಅದು ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ಮೊದಲು ಔಷಧದಿಂದ ಗಡ್ಡೆ ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುವುದೆಂದು ಬೆಂಗಳೂರಿನ ಡಾಕ್ಟರು ನಿರ್ಧರಿಸಿದರು. ಔಷಧದ ಹೆಸರು ನೋಡಿದೊಡನೆ ನನಗೆ ಗುರುತು ಹತ್ತಿತು.

"ಚಳಿದೇಶದಲ್ಲಿ ಯೂ ಅಂತ ಒಂದು ಪೊದೆ ಇದೆ ಶಮೀಮ್, ಎಲೆ ಸೂಜಿ ಥರ. ಆ ಎಲೆಯಿಂದ ಒಂದು ವಸ್ತು ತೆಗೆದು, ಲ್ಯಾಬಲ್ಲಿ ಮಾರ್ಪಡಿಸಿ ಇದನ್ನ ಮಾಡ್ತಾರೆ."

"ಎಲೇನೇ ತಿಂದ್ರೆ ಆಗಲ್ವಾ ಅಕ್ಕ?"

"ತಿಂದ್ರೆ ಸಾಯ್ತಾರೆ. ಅದರಲ್ಲಿ ಬೇರೆ ವಿಷಾನೂ ಇದೆ. ನಿಮ್ಮ ಕುಣಿಗಲ್ ಕುದುರೆ ಮೇದ್ರೂ ಬಿದ್ದೋಗುತ್ತೆ."

ಕುದುರೆ ಫಾರಂಗೆ ಹೆಸರಾದ ಕುಣಿಗಲ್ಲು ಅವಳ ತವರು. ಅವಳು ನಕ್ಕಳು: "ಕುದುರೇನೇ ಬೀಳಿಸೋ ಗಿಡ ಅಂದ್ಮೇಲೆ ಈ ಗಡ್ಡೆ ಯಾವ ಲೆಕ್ಕ ಬಿಡಿ."

ಓಡಲು ಕಾಲಿಲ್ಲದ, ಅಟ್ಟಲು ಕೈಯಿಲ್ಲದ ಗಿಡ ತನ್ನ ಕಾವಲಿಗೆಂದು ಎಲೆಯೊಳಗೆ ಅಡುಗೆ ಹೂಡುತ್ತದೆ. ಹೃದಯ ನಿಲ್ಲಿಸುವ ಅಣುವೂ, ಕೆಟ್ಟ ಕೋಶ ಎರಡಾಗದಂತೆ ತಡೆಯುವ ಅಣುವಿಗೆ ಬೇಕಾದ ಮೂಲವಸ್ತುವೂ ಒಂದೇ ಸೂಜಿಯೆಲೆಯಲ್ಲಿ ಅಕ್ಕಪಕ್ಕ ಬಾಳುತ್ತವೆ. ಯಾವುದನ್ನು ಬಿಟ್ಟು ಯಾವುದನ್ನು ತೆಗೆಯಬೇಕು, ಎಷ್ಟು ಕೊಡಬೇಕು ಎಂಬ ವಿವೇಕ ಮಾತ್ರ ಮನುಷ್ಯರದು.

ಒಂದು ಮಧ್ಯಾಹ್ನ ಅಂಗಡಿಗೆ ಹೋದಾಗ, ಅವಳು ಗುಂಡಿಯ ಕಾಜಾ ಹೊಲಿಯುತ್ತಿದ್ದ ಬಿಳಿ ಬಟ್ಟೆಯ ಮೇಲೆ ರಕ್ತ ಹರಡುತ್ತಿತ್ತು. ಸೂಜಿ ಬೆರಳಿಗೆ ಚುಚ್ಚಿದ್ದು ಅವಳಿಗೆ ತಿಳಿದೇ ಇರಲಿಲ್ಲ.

"ಜೋಮು ಹಿಡ್ದು ತಿಂಗಳಾಯ್ತು ಅಕ್ಕ. ಹೇಳಿದ್ರೆ ಔಷಧಿ ನಿಲ್ಲಿಸ್ಬಿಡ್ತಾರೆ. ಬೆರಳು ಹೋಗ್ಲಿ, ಜೀವ ಉಳೀಲಿ."

ಬಟ್ಟೆ ಕಿತ್ತುಕೊಂಡು ಪಕ್ಕಕ್ಕಿಟ್ಟೆ. "ಕೋಶದೊಳಗಿನ ಎಳೆಗಳನ್ನ ಈ ಔಷಧಿ ಬಿಗಿ ಹಿಡಿಯುತ್ತೆ. ನರದಲ್ಲೂ ಅಂಥ ಎಳೆಗಳಿವೆ, ಅದಕ್ಕೇ ಜೋಮು. ಡಾಕ್ಟ್ರಿಗೆ ಇದು ಹೊಸದಲ್ಲ. ಕಮ್ಮಿ ಮಾಡೋದು ಬೇರೆ, ನಿಲ್ಲಿಸೋದು ಬೇರೆ. ನಾಳೆ ನಾನೂ ಬರ್ತೀನಿ."

ಮರುದಿನ ಡಾಕ್ಟರ ಮುಂದೆ ಬೆರಳುಗಳನ್ನು ಮೇಜಿನ ಮೇಲೆ ಹರಡಿ ಅವಳೇ ಎಲ್ಲ ಹೇಳಿದಳು. ಅವರು ಪ್ರಮಾಣ ತಗ್ಗಿಸಿ ಚಿಕಿತ್ಸೆ ಮುಂದುವರಿಸಿದರು. ಗಡ್ಡೆ ಕುಗ್ಗಿತು, ಆಪರೇಷನ್ ಆಯಿತು. ತೋರುಬೆರಳ ತುದಿಗೆ ಮಾತ್ರ ಸ್ಪರ್ಶ ಇನ್ನೂ ಪೂರ್ತಿ ಬಂದಿಲ್ಲ. ಅದರ ಪಾಲಿನ ಕೆಲಸವನ್ನು ಈಗ ಕಣ್ಣು ಮಾಡುತ್ತಿದೆ.

ಹಬ್ಬಕ್ಕೆ ಮುಂಚೆ ಅವಳು ತನಗೆಂದು ಒಂದು ಹಸಿರು ಕುರ್ತಾ ಹೊಲಿದುಕೊಂಡಳು. ಇಳಿದುಹೋದ ಮೈಗೆ ಸರಿಯಾಗಿ ಕೂತಿತ್ತು. ಒಳಗಿನ ಹೊಲಿಗೆ ತಿರುಗಿಸಿ ನೋಡಿದೆ. ಎರಡೂ ಪಕ್ಕ ಅಗಲವಾಗಿ ಬಟ್ಟೆ ಉಳಿಸಿದ್ದಳು.

"ಇಷ್ಟು ಯಾಕೆ ಬಿಟ್ಟಿದೀಯ?"

"ದಪ್ಪ ಆಗ್ತೀನಲ್ಲ ಅಕ್ಕ, ಆಗ ಬಿಚ್ಕೋಬೇಕು" ಎಂದು ಹಲ್ಲಲ್ಲಿ ದಾರ ಕಡಿದಳು.