ಅವ್ವ ಜಟೆಗೆ ಕತ್ತರಿ ಹಾಕಿದ ದಿನ

ಮಗಳ ಕೂದಲು ಜಟೆಗಟ್ಟಿದಂತೆ ಕನಸು ಬಿತ್ತು. ಎದ್ದವಳೇ ಬಾಚಿ ನೋಡಿದೆ, ಏನೂ ಇರಲಿಲ್ಲ.

ಅಪ್ಪ ಅವ್ವ ನನ್ನನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಕಲ್ಯಾಣದಲ್ಲಿ ಗಾರೆ ಕೆಲಸಕ್ಕಿದ್ದಾಗ ನನ್ನ ತಲೆಯಲ್ಲಿ ಜಟೆ ಬಿದ್ದಿತ್ತು. "ಎಲ್ಲಮ್ಮ ಬಂದಾಳ. ಕತ್ತರಿಸಿದ್ರ ಹುಡುಗಿ ರಕ್ತ ಕಾರಿ ಸಾಯ್ತಾಳ," ಎಂದು ಅಜ್ಜಿ ಅದಕ್ಕೆ ದೇವಿಯ ಭಂಡಾರದ ಅರಿಶಿನ ಹಚ್ಚಿದಳು. ಶಾಲೆಯಲ್ಲಿ ಯಾರೂ ಪಕ್ಕಕ್ಕೆ ಕೂಡಲಿಲ್ಲ, ಶಾಲೆ ಬಿಟ್ಟೆ.

ಒಂದು ದಿನ ಅವ್ವ ಊರಿಗೆ ಬಂದವಳೇ ಕತ್ತರಿ ತಂದಳು.

"ದೇವರ ಮ್ಯಾಲೆ ನಂಬಿಕಿ ಇಲ್ಲೇನ ನಿನಗ?" ಅಜ್ಜಿ ಚೀರಿದಳು.

"ಐತಿ ಅತ್ತಿ, ಬಿಡಂದ್ರ ಬಿಡಾಕ ಬರೂದಿಲ್ಲ. ಶಿಕ್ಷಾ ಕೊಡೂದಿದ್ರ ನನಗ ಕೊಡ್ಲಿ. ಕೂಸಿನ ತಂಟೆಗೆ ಬಂದ್ರ ಆಕಿ ಯಾವ ಸೀಮಿ ತಾಯಿ?"

ನನ್ನನ್ನು ಮುಂದೆ ಕೂರಿಸಿಕೊಂಡು ಜಟೆ ಕತ್ತರಿಸಿದಳು. ನನಗೇನೂ ಆಗಲಿಲ್ಲ. ನನ್ನ ಹೆದರಿಕೆ ಮಾತ್ರ ಇನ್ನೂ ಹೋಗಿಲ್ಲ, ಆದರೆ ಮಗಳಿಗೆ ಜಟೆ ಬಿದ್ದರೆ ನಾನೂ ಕತ್ತರಿಸುವವಳೇ.

ತಂಗಿ, ದೇವಿಗೆ ಬೆನ್ನು ಹಾಕಿ ಕೂತಿದ್ದೆ ಎಂದು ಅವ್ವ ನಿನಗೆ ಹೇಳಿದ್ದಳಲ್ಲ, ಇದನ್ನು ಓದಿದರೆ ಇನ್ನೊಮ್ಮೆ ಕೇಳು: ಕತ್ತರಿಸುವಾಗ ದೇವರ ಜಗಲಿಯ ಎಲ್ಲಮ್ಮನಿಗೆ ನಿಜಕ್ಕೂ ಬೆನ್ನು ಹಾಕಿದ್ದಳೇ? ನನ್ನ ನೆನಪಿನಲ್ಲಿ ಎದುರಿಗೇ ಕೂತಿದ್ದಳು.