ಚಿಗವ್ವ ಕೂತ ಫೋಟೋ

ಮುಂಡರಗಿಯ ನಮ್ಮ ಮನೆಯ ಫೋಟೋಗಳಲ್ಲಿ ಚಿಗವ್ವ ಎಲ್ಲಿಯೂ ಕೂತಿಲ್ಲ. ಕುರ್ಚಿಗಳಲ್ಲಿ ಗಂಡಸರು, ಹಿಂದೆ ಸೆರಗು ಹೊದ್ದು ನಿಂತ ಹೆಂಗಸರು, ಆ ಸಾಲಿನ ತುದಿಗೆ ಇವಳು. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೂ ಹಾಗೆಯೇ. ಮೊನ್ನೆ ದೀಪಾವಳಿಗೆ ಹೋದಾಗ ನನ್ನ ಹಳೆಯ ರೀಲ್ ಕ್ಯಾಮೆರಾ ನೋಡಿ ಅಂದಳು:

"ನಂದೊಂದ್ ತಗೀಯೋ. ನಿಂತದ್ದಲ್ಲ, ಕುಂತದ್ದು. ಆ ಕುರ್ಚಿ ಮ್ಯಾಲ."

ಆ ಕುರ್ಚಿ ನಮ್ಮಪ್ಪನದು. ಅಪ್ಪ ಅವಳಿಗೆ ಗಂಡನ ಅಣ್ಣ, ಭಾವ. ಅವನೆದುರು ಅವಳು ಕೂತದ್ದನ್ನಾಗಲಿ, ಅವನೊಂದಿಗೆ ನೇರ ಮಾತಾಡಿದ್ದನ್ನಾಗಲಿ ನಾನು ಕಂಡಿಲ್ಲ. ಅಪ್ಪ ಪೇಟೆಗೆ ಹೋದ ಹೊತ್ತು ನೋಡಿ ಪಡಸಾಲೆಯಲ್ಲಿ ಟ್ರೈಪಾಡ್ ನಿಲ್ಲಿಸಿದೆ.

ಒಳಗೆ ಬೆಳಕಿಂಡಿಯಿಂದ ಇಳಿದ ಬೆಳಕಷ್ಟೇ. ಫ್ಲಾಶ್ ಬೇಡ ಅಂದಳು, ಕಣ್ಣು ಮುಚ್ಚಿಹೋಗುತ್ತವಂತೆ. ಹಾಗಾದರೆ ಶಟರ್ ಪೂರ್ತಿ ಒಂದು ಸೆಕೆಂಡು ತೆರೆದಿರಬೇಕು. ಈ ಕ್ಯಾಮೆರಾದೊಳಗೆ ಒಂದು ಕನ್ನಡಿ ಇದೆ. ಕ್ಯಾಮೆರಾದ ಹಿಂದೆ ಕಣ್ಣಿಡುವ ಕಿಂಡಿಯಲ್ಲಿ ಕಾಣುವುದು ಅದರಲ್ಲಿ ಮೂಡಿದ್ದೇ. ಗುಂಡಿ ಒತ್ತಿದಾಗ ಅದು ಟಪ್ಪೆಂದು ಮೇಲೇಳುತ್ತದೆ, ಆ ಪೆಟ್ಟಿಗೆ ಕ್ಯಾಮೆರಾ ನಡುಗಿ ಮುಖ ಮಸುಕಾಗುತ್ತದೆ. ಅದಕ್ಕೇ ಪಕ್ಕದ ಸಣ್ಣ ಹಿಡಿ ತಿರುಗಿಸಿ ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸಿ, ನಡುಕ ಅಡಗಿದ ಮೇಲೆ ಒತ್ತಬೇಕು. ಆದರೆ ಕನ್ನಡಿ ಎತ್ತಿದೊಡನೆ ಕಿಂಡಿ ಕತ್ತಲೆ. ಪತ್ರಿಕೆಯ ಕೆಲಸದಲ್ಲಿದ್ದಷ್ಟು ವರ್ಷ ನೋಡುತ್ತಲೇ ಫೋಟೋ ತೆಗೆದ ನನಗೆ ಆ ಕುರುಡು ಗಳಿಗೆಯನ್ನು ಸಹಿಸಲಾಗುವುದಿಲ್ಲ.

"ಅಳ್ಳಾಡಬ್ಯಾಡ," ಅಂದೆ.

"ನೀ ಮದಲ ಕಾಲ್ ಕುಣಿಸೂದು ಬಿಡು," ಅಂದಳು.

ಕನ್ನಡಿ ಎತ್ತಿದೆ. ಕಾದೆ. ಅಭ್ಯಾಸಬಲದಿಂದ ಕಣ್ಣು ಕತ್ತಲೆ ಕಿಂಡಿಗೇ ಅಂಟಿತ್ತು. ಒತ್ತಿದೆ. ಬಾಗಿಲಲ್ಲಿ ಚಪ್ಪಲಿ ಸದ್ದು ಕೇಳಿ ತಲೆ ಎತ್ತಿದರೆ, ಅಪ್ಪ. ಶಟರ್ ಇನ್ನೂ ತೆರೆದಿತ್ತು. ಚಿಗವ್ವ ಸೆರಗೆಳೆದುಕೊಂಡು ಎದ್ದು ನಿಂತಿದ್ದಳು.

"ಏಳಾಕ ಏನಾತು? ಕುಂಡ್ರವಾ," ಅಂದ ಅಪ್ಪ.

ಅವಳು ನನ್ನ ಕಡೆ ತಿರುಗಿದಳು. "ಸ್ವಲ್ಪ ಹೊರಗ ಹೋಗ್ರಿ ಅಂತ ಹೇಳೋ ನಿಮ್ಮಪ್ಪಗ. ಅವರಿದ್ರ ನಾ ಹೆಂಗ ಕುಂಡ್ರಲಿ?"

"ಕೇಳಿಸ್ತು, ಕೇಳಿಸ್ತು. ನನ್ನ ಮನ್ಯಾಗಿಂದ ನನ್ನಽ ಹೊರಗ ಹಾಕ್ರಿ," ಎನ್ನುತ್ತ ಅಪ್ಪ ಹೋಗಿ ಕಟ್ಟೆಯ ಮೇಲೆ ಕೂತ.

ರೀಲಿನಲ್ಲಿ ಉಳಿದದ್ದು ಇನ್ನೊಂದೇ. ಹೊರಗೆ ಅಪ್ಪ ಕೆಮ್ಮಿದಾಗೆಲ್ಲ ಚಿಗವ್ವ ಕುರ್ಚಿಯಿಂದ ಅರ್ಧ ಏಳುವಳು. ನಾನು ಕನ್ನಡಿ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಕೊನೆಗೆ ಅವಳೇ ರೇಗಿದಳು: "ಮದಲ ಬಾಗಲಾ ಮುಚ್ಚಿ ಚಿಲಕಾ ಹಾಕು!"

ಹಾಕಿ ಬಂದೆ. ಕನ್ನಡಿ ಎತ್ತಿ, ಈ ಸಲ ಕಿಂಡಿ ಬಿಟ್ಟು ಅವಳ ಮುಖವನ್ನೇ ನೋಡುತ್ತ ನಿಂತೆ. ಹೊರಗೆ ಕೆಮ್ಮು. ಅವಳ ಬೆರಳುಗಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದವು, ಏಳಲಿಲ್ಲ. ಒತ್ತಿದೆ.

ಬೆಟಗೇರಿಯ ನನ್ನ ಮನೆಗೆ ಬಂದು ಬಚ್ಚಲನ್ನು ಕತ್ತಲು ಮಾಡಿಕೊಂಡು ರೀಲ್ ತೊಳೆದೆ. ಮೊದಲನೆಯದರಲ್ಲಿ ಕುರ್ಚಿಯ ಬೆತ್ತದ ಹೆಣಿಗೆಯೂ ಸ್ಪಷ್ಟ, ಚಿಗವ್ವ ಮಾತ್ರ ಹೊಗೆ. ಎರಡನೆಯದರಲ್ಲಿ ಕೂತಿದ್ದಾಳೆ. ಕಣ್ಣು ಬಾಗಿಲ ಕಡೆಗಿವೆ.

ಎರಡನೆಯದಕ್ಕೆ ಕಟ್ಟು ಹಾಕಿಸಿ ಮುಂಡರಗಿಗೆ ಒಯ್ದೆ. ಅಪ್ಪ ತನ್ನ ಕುರ್ಚಿಯಲ್ಲಿದ್ದ. ಚಿಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಫೋಟೋ ನೋಡಿದಳು. ಎಲ್ಲಿ ತೂಗುಹಾಕಲಿ ಎಂದು ಕೇಳಿದೆ.

"ಆ ಕುರ್ಚಿ ಎದುರಿನ ಗ್ವಾಡಿಗೆ," ಅಂದಳು, ಅಪ್ಪನಿಗೂ ಕೇಳುವ ಹಾಗೆ.