ಚಂದವ್ವ ಉಂಡ ಅನ್ನ

ಗೋವಾದ ಕುಡಚಡೆಯ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಚಂದವ್ವನ ಖಾನಾವಳಿ ಇತ್ತು. ಮುದ್ದೇಬಿಹಾಳ ಕಡೆಯ ಹೆಂಗಸು. ಗಂಡ ಸತ್ತ ಮೇಲೆ, ಅದಿರಿನ ಲಾರಿ ಓಡಿಸುವ ನಮ್ಮಂಥವರಿಗೆ ರೊಟ್ಟಿ ಬಡಿದು ಹಾಕುತ್ತ ಹದಿನೈದು ವರ್ಷ ಕಳೆದಿದ್ದಳು. ಬಾಯಿ ಕೆಟ್ಟದು, ಕೈ ಚೊಕ್ಕ. ಕಾಲು ತೊಳೆಯದೆ ಒಳಗೆ ಬಂದವನ ಮುಂದಿನ ತಾಟು ಎಳೆದುಕೊಳ್ಳುತ್ತಿದ್ದಳು. ಎರಡನೆಯ ಸಲ ಪಲ್ಯ ಕೇಳಿದರೆ, ಅದೇನು ನಿಮ್ಮಪ್ಪನ ಹೊಲದಲ್ಲಿ ಬೆಳೆದದ್ದೇ ಎಂದು ಬೈದು, ಕೇಳಿದ್ದಕ್ಕಿಂತ ಹೆಚ್ಚೇ ಬಡಿಸುತ್ತಿದ್ದಳು. ನಾನು ಕುಬೇರ, ಆರು ವರ್ಷ ಅವಳ ಕೈಯ ಅನ್ನ ಉಂಡವನು. ಅವಳ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಬೇರೆ ಯಾರೂ ಬರೆಯುವುದಿಲ್ಲ.

ತಗಡಿನ ಗೋಡೆಯ ಆಚೆ ಮಾಶಾಬಿಯ ಅಂಗಡಿ. ಅವಳೂ ಅವಳ ಗಂಡ ಹುಸೇನಸಾಬನೂ ಹುನಗುಂದದವರು. ಮಟನ್, ಕೋಳಿ, ಮೀನಿನ ಸಾರು ಅವರ ವ್ಯಾಪಾರ. ಎರಡೂ ಮನೆಗೆ, ಓಣಿಗೆಲ್ಲ ಒಂದೇ ಬಾವಿ. ಚಂದವ್ವನಿಗೆ ಅದು ದಿನನಿತ್ಯದ ಸಂಕಟ.

"ಸತ್ತದ್ದು ತಿಂದ್ರ ಹೊಟ್ಟಿ ಸುಡಗಾಡ ಆಗತೈತಿ. ಎಲ್ಲಾ ರೋಗ ಮಾಂಸದಾಗ ಇರತಾವ. ನನ್ನ ಕಡೆ ಉಂಡಾವ ಇಲ್ಲೀತನ ದವಾಖಾನಿ ಮೆಟ್ಟಲ ಹತ್ತಿಲ್ಲ" ಎಂದು ತಗಡಿನ ಆಚೆ ಕೇಳುವಂತೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಮಾಶಾಬಿ ನಗುತ್ತಿದ್ದಳು. "ರೋಗಕ್ಕ ಜಾತಿ ಗೊತ್ತಿರತೈತೇನ್ರೀ ಅಕ್ಕಾ" ಎನ್ನುತ್ತಿದ್ದಳು. ನಾವೂ ನಗುತ್ತಿದ್ದೆವು. ಆದರೆ ಚಂದವ್ವ ಹೇಳಿದ್ದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

2009ರ ಶ್ರಾವಣ. ಮಳೆಗಾಲದಲ್ಲಿ ಅದಿರಿನ ಲಾರಿಗಳು ನಿಲ್ಲುತ್ತವೆ. ಊರಿಗೆ ಹೋಗದೆ ಉಳಿದ ನಲವತ್ತು ಜನ ಗ್ಯಾರೇಜಿನಲ್ಲಿ ಚಿಲ್ಲರೆ ಕೆಲಸ ಮಾಡುತ್ತ, ಉಳಿದ ಹೊತ್ತು ಒಬ್ಬರನ್ನೊಬ್ಬರು ಕೆಣಕುತ್ತ ಬಿದ್ದಿದ್ದೆವು. ನಮಗೆ ಗುರುಲಿಂಗನೇ ದೊರೆ. ಸಿಂದಗಿಯವನು, ತಮ್ಮ ಸೋಮುವನ್ನೂ ಕರೆತಂದು ಲಾರಿ ಕಲಿಸಿದ್ದ. ಶ್ರಾವಣ ಮುಗಿಯುವವರೆಗೆ ಯಾರೂ ಮಾಂಸ ಮುಟ್ಟಬಾರದೆಂದು ಎಲ್ಲರಿಂದ ಆಣೆ ಮಾಡಿಸಿದ್ದ. ಹಿಂದಿನ ವರ್ಷ ಶ್ರಾವಣದಲ್ಲಿ ತತ್ತಿ ತಿಂದ ಒಬ್ಬ ಡ್ರೈವರನ ಮುಂದಿನ ಎರಡು ಹಲ್ಲನ್ನು ಪಾನಾದಿಂದ ಉದುರಿಸಿದ್ದ. ನಟ್ಟು ತಿರುಗಿಸುವ ಆ ಪಾನಾ ಅವನ ಸೊಂಟದಲ್ಲೇ ಇರುತ್ತಿತ್ತು.

ಶ್ರಾವಣ ಸೋಮವಾರ ನಮಗೆ ಒಪ್ಪತ್ತು, ಸಂಜೆ ಒಂದೇ ಊಟ. ಅವತ್ತು ಚಂದವ್ವ ನಡೆದುಕೊಂಡು ಚಂದ್ರೇಶ್ವರನ ಗುಡ್ಡ ಹತ್ತಿ ಬಂದು, ಆಮೇಲೆ ಒಲೆ ಹಚ್ಚುತ್ತಿದ್ದಳು. ಮೊದಲ ಸೋಮವಾರ ಊಟಕ್ಕೆ ತಡವಾಯಿತೆಂದು ಗುರುಲಿಂಗ ತಾಟು ಬೀಸಿ ಒಗೆದ. ಅದಕ್ಕೆ ಎರಡನೆಯ ಸೋಮವಾರ ಅವಳು ನಸುಕಿನಲ್ಲೇ ಎರಡು ದೊಡ್ಡ ಪಾತ್ರೆ ಅನ್ನ ಮಾಡಿ, ಗೋಣಿಚೀಲ ಸುತ್ತಿ, ಮೇಲೆ ಕಂಬಳಿ ಹೊದಿಸಿಟ್ಟು ಗುಡ್ಡಕ್ಕೆ ಹೋದಳು. ಸಂಜೆ ತೆಗೆದಾಗ ಅನ್ನ ಇನ್ನೂ ಬೆಚ್ಚಗಿತ್ತು. ಆರಿ ತಣ್ಣಗಾದದ್ದು ತಂಗಳು, ಬೆಚ್ಚಗಿದ್ದದ್ದು ತಾಜಾ. ಅವಳ ತಾಯಿಯೂ ಹಾಗೇ ತಿಳಿದಿದ್ದಳು, ನಮ್ಮೆಲ್ಲರ ತಾಯಂದಿರೂ ಹಾಗೇ ತಿಳಿದಿದ್ದಾರೆ. ತಾನು ಮಾತ್ರ ಬಾಳೆಹಣ್ಣು ತಿಂದು ಉಪವಾಸ ಇದ್ದಳು.

ನಾನು ಆ ಊಟಕ್ಕೆ ಹೋಗಲಿಲ್ಲ. ಮಧ್ಯಾಹ್ನವೇ ಹಸಿವು ತಾಳದೆ, ಮಾಶಾಬಿಯ ಹಿತ್ತಲ ಬಾಗಿಲಿಂದ ಒಳಹೊಕ್ಕು, ಬಿಹಾರದ ಕೂಲಿಗಳ ನಡುವೆ ಕೂತು ಹೊಟ್ಟೆ ತುಂಬ ಮಟನ್ ಉಂಡಿದ್ದೆ. ಸಂಜೆ ತಲೆನೋವೆಂದು ಮುಸುಕು ಹಾಕಿ ಮಲಗಿದೆ.

ಕತ್ತಲಾಗುವ ಹೊತ್ತಿಗೆ ವಾಂತಿ ಶುರುವಾಯಿತು. ಒಬ್ಬರಲ್ಲ, ಇಬ್ಬರಲ್ಲ, ಇಪ್ಪತ್ತಾರು ಜನ. ಓಣಿಯ ಗಟಾರದ ಉದ್ದಕ್ಕೂ ಗಂಡಸರು ಮಂಡಿಯೂರಿ ಕರುಳು ಕಿತ್ತು ಬರುವಂತೆ ಕಾರುತ್ತಿದ್ದರು. ಸೋಮು ರಕ್ತ ಕಾರಿ ಬಿದ್ದ. ಅವನನ್ನು ಜೀಪಿಗೆ ಹಾಕಿಕೊಂಡು ಗುರುಲಿಂಗನೂ ಚಂದವ್ವನೂ ಸರಕಾರಿ ಆಸ್ಪತ್ರೆಗೆ ಓಡಿದರು. ಉಳಿದವರನ್ನು ಹಿಂದೆಯೇ ಲಾರಿಯಲ್ಲಿ ಸಾಗಿಸಿದೆವು.

ಬೆಳಿಗ್ಗೆ ಗುರುಲಿಂಗ ಒಬ್ಬನೇ ಬಂದ. ತಮ್ಮ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಾವಿಯ ಹತ್ತಿರ ನಿಂತವನಿಗೆ, ಹುಸೇನಸಾಬ ಆಡು ತೊಳೆದ ನೀರು ಕಲ್ಲಿನ ಸಂದಿಯಲ್ಲಿ ಇಂಗಿದ ಕಲೆ ಕಾಣಿಸಿತು.

"ಶ್ರಾವಣ ಸೋಮಾರ ಆಡು ಕೊಯ್ದಾನ. ಅದರ ರಗತ ಬಾವ್ಯಾಗ ಇಳದೈತಿ. ನನ್ನ ತಮ್ಮ ಅದನ್ನ ಕುಡದಾನ" ಎಂದ.

ಆ ಬಾವಿಯ ನೀರನ್ನು ಓಣಿಯೆಲ್ಲ ಕುಡಿದಿತ್ತು. ಆ ಆಡನ್ನೇ ತಿಂದ ಬಿಹಾರದವರು ಎದುರಿಗೇ ನಿಂತು ಬೀಡಿ ಸೇದುತ್ತಿದ್ದರು. ಅದನ್ನು ತಿಂದ ನಾನೂ ಅಲ್ಲೇ ಇದ್ದೆ, ನೆಟ್ಟಗೆ, ಗುಂಡುಕಲ್ಲಿನ ಹಾಗೆ. ಒಂದು ಮಾತು ಸಾಕಿತ್ತು. ಆದರೆ ನನ್ನ ಕಣ್ಣು ಅವನ ಸೊಂಟದ ಪಾನಾದ ಮೇಲಿತ್ತು. ನಾನು ಸುಮ್ಮನಿದ್ದೆ. ಸುಮ್ಮನಿದ್ದವನು ಸುಮ್ಮನೆಯೂ ನಿಲ್ಲಲಿಲ್ಲ, ಎಲ್ಲರ ಹಾಗೆ ಒಂದು ರಾಡು ಎತ್ತಿಕೊಂಡೆ.

ಮೊದಲು ತಗಡು ಕಿತ್ತೆವು. ಕುದಿಯುವ ಸಾರಿನ ಪಾತ್ರೆಯನ್ನು ಯಾರೋ ಒದ್ದರು. ಅದು ಮಾಶಾಬಿಯ ಪಾದದ ಮೇಲೆ ಚೆಲ್ಲಿ ಚರ್ಮ ಸುಲಿಯಿತು. ಅವಳನ್ನು ಕೂದಲು ಹಿಡಿದು ಅಂಗಳಕ್ಕೆ ಎಳೆದರು. ಅಡ್ಡ ಬಂದ ಹುಸೇನಸಾಬನ ಬೆನ್ನಿಗೆ ಗುರುಲಿಂಗ ಪಾನಾ ಬೀಸಿದ. ಎರಡನೆಯ ಏಟು ನನ್ನದು. ಅವನು ಮುಖ ಕೆಳಗೆ ಮಾಡಿ, ತಲೆ ಕಾಯಲು ಬಲಗೈ ಎತ್ತಿದ, ನನ್ನ ರಾಡು ಮೊಣಕೈಗೆ ಬಿತ್ತು. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಕೈ ತಿರುಗಬಾರದ ಕಡೆಗೆ ತಿರುಗಿ ಜೋತುಬಿತ್ತು. ಅವನ ಬಾಯಿಂದ ಬಂದ ದನಿ ಮನುಷ್ಯನದಾಗಿರಲಿಲ್ಲ. ಆ ಹೊತ್ತಿಗೆ ನನಗೆ ಹೆದರಿಕೆ ಹೋಗಿ ಹುರುಪು ಬಂದಿತ್ತು. ನಾಚಿಕೆಗೇಡು, ಆದರೆ ಖರೇ ಮಾತು. ಗುರುಲಿಂಗ ಅವನ ಎದೆಯ ಮೇಲೆ ಕಾಲಿಟ್ಟು, ಬಾವಿಗೆ ಒಗೆಯೋಣ, ಹಗ್ಗ ತನ್ನಿ ಎಂದ.

ಆಗ ಚಂದವ್ವ ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು, ಸೀರೆಯೆಲ್ಲ ಸೋಮುವಿನ ವಾಂತಿ.

"ಬಿಡ್ರಿ ಅವನ್ನ. ನನ್ನ ಅನ್ನ ಕೆಟ್ಟಿತ್ತು" ಎಂದಳು.

ಯಾರೂ ಕೈ ಇಳಿಸಲಿಲ್ಲ. ಅವಳು ಹೇಳುತ್ತಲೇ ಹೋದಳು. ಡಾಕ್ಟರು ಒಬ್ಬೊಬ್ಬನನ್ನೂ ಏನು ಉಂಡೆ ಎಂದು ಕೇಳಿದ್ದರು. ಬರೇ ರೊಟ್ಟಿ, ಕಾಳುಪಲ್ಯ ಉಂಡವರಿಗೆ ಏನೂ ಆಗಿರಲಿಲ್ಲ, ಅನ್ನ ಉಂಡವರೇ ಮಲಗಿದ್ದರು. ದಿನವಿಡೀ ಬೆಚ್ಚಗೆ ಮುಚ್ಚಿಟ್ಟ ಅನ್ನದಲ್ಲಿ ವಿಷ ಹುಟ್ಟುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಶಿವನ ಹೆಸರಲೆ ಮಾಡಿದ ಅಡಗಿ ಯವ್ವಾ. ಅದರಾಗ ಮಾಂಸದ ಚೂರಿಲ್ಲ. ಅದ್ಹೆಂಗ ಕೆಡತೈತಿ?" ಎಂದ ಗುರುಲಿಂಗ. "ಎಲ್ಲಾ ರೋಗ ಮಾಂಸದಾಗ ಅಂತ ನೀನಽ ಹೇಳಿದ್ದಿ. ಈಗ ಇವನ್ನ ಉಳಸಾಕ ಸುಳ್ಳ ಹೇಳಾಕತ್ತಿ."

ಚಂದವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ಹೋದಳು. ಉಳಿದ ಅನ್ನದ ಪಾತ್ರೆ ಹೊತ್ತು ತಂದು ಹುಸೇನಸಾಬನ ಪಕ್ಕದಲ್ಲೇ ಕೂತಳು.

"ನಾ ಹೇಳಿದ್ದು ತಪ್ಪು. ಈ ಅನ್ನ ನನ್ನ ಹೊಟ್ಯಾಗ ಉಳೀತಂದ್ರ ನಿಮಗ ತಿಳದಂಗ ಮಾಡ್ರಿ. ಅಲ್ಲೀತನ ಇವನ ಮೈ ಮುಟ್ಟಬ್ಯಾಡ್ರಿ" ಎಂದು ಉಣ್ಣತೊಡಗಿದಳು. ಹಿಂದಿನ ದಿನದಿಂದ ಉಪವಾಸದ ಹೊಟ್ಟೆ. ವಾಸನೆ ಹೊಡೆಯುತ್ತಿದ್ದ ಅನ್ನವನ್ನು ಮುದ್ದೆ ಕಟ್ಟಿ ಕಟ್ಟಿ ನುಂಗಿದಳು. ಮಾಶಾಬಿ ತೆವಳಿ ಬಂದು ಕೈ ಹಿಡಿದಳು. "ಬ್ಯಾಡ್ರೀ ಅಕ್ಕಾ" ಎಂದಳು. ಚಂದವ್ವ ಆ ಕೈ ಸರಿಸಿ ಮತ್ತೊಂದು ತುತ್ತು ಎತ್ತಿದಳು.

ರಾಡು ಹಿಡಿದ ಹದಿನಾಲ್ಕು ಗಂಡಸರು ಸುತ್ತ ಕೂತು ಒಬ್ಬ ಹೆಂಗಸಿನ ಹೊಟ್ಟೆ ಕಾದೆವು. ಗಂಟೆಯ ಮೇಲಾಯಿತು. ಆಮೇಲೆ ಅವಳು ಮುಂದಕ್ಕೆ ಬಾಗಿದಳು. ಮೊದಲು ಅನ್ನ ಬಂತು, ಆಮೇಲೆ ಹಳದಿ ನೀರು, ಕೊನೆಗೆ ಏನೂ ಇಲ್ಲದೆ ಬರೇ ಸೆಳೆತ. ನೆಲಕ್ಕೆ ಹಣೆ ಬಡಿದು ಚರ್ಮ ಒಡೆಯಿತು. ಸುಟ್ಟ ಕಾಲು ಚಾಚಿ ಕೂತ ಮಾಶಾಬಿ ಅವಳ ತಲೆಯನ್ನು ತೊಡೆಯ ಮೇಲಿಟ್ಟು ಹಿಡಿದಳು. ನಮ್ಮಲ್ಲಿ ಒಬ್ಬೊಬ್ಬರೇ ರಾಡು ಬಿಟ್ಟು ಎದ್ದು ಹೋದರು. ಗುರುಲಿಂಗ ಆಸ್ಪತ್ರೆಯ ಕಡೆ ನಡೆದ. ಸೋಮು ಅವತ್ತು ಸಂಜೆ ಕಣ್ಣು ಬಿಟ್ಟ. ಪೊಲೀಸರು ಬಂದಾಗ ಓಣಿಯಲ್ಲಿ ಯಾರೂ ಏನೂ ನೋಡಿರಲಿಲ್ಲ.

ಮೂರನೆಯ ದಿನ ಎಳನೀರು ಹಿಡಿದು ಚಂದವ್ವನನ್ನು ನೋಡಲು ಆಸ್ಪತ್ರೆಗೆ ಹೋದೆ. ಕೈಗೆ ಸಲೈನ್ ಹಾಕಿದ್ದರು.

"ಆ ಸೋಮಾರ ನೀ ಊಟಕ್ಕ ಬರಲಿಲ್ಲ. ಎಲ್ಲಿ ಉಂಡಿ?" ಎಂದು ಕೇಳಿದಳು.

ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. "ಮಾಶಾಬಿ ಕಡೆ, ಯವ್ವಾ."

ಹುಸೇನಸಾಬನ ಕೈ ಮುರಿದದ್ದು ನಾನೆಂದು ಯಾರೋ ಅವಳಿಗೆ ಆಗಲೇ ಹೇಳಿದ್ದರು. ಆರು ವರ್ಷದಲ್ಲಿ ಮೊದಲ ಸಲ ಬೈಯಲಿಲ್ಲ.

"ಹಂಗಾರ ನಿನಗ ಗೊತ್ತಿತ್ತು. ನಿನಗ ಗೊತ್ತಿದ್ದೂ ಅವನ ಕೈ ಮುರದಿ" ಎಂದಳು. "ಹೋಗಿ ಅವನ ಮುಂದ ಹೇಳು. ಹೇಳೂತನ ನನ್ನ ಕಡೆ ಊಟಕ್ಕ ಬರಬ್ಯಾಡ."

ಹೋದೆ. ಕಿತ್ತುಹೋದ ತಗಡಿನ ಹತ್ತಿರ ನಿಂತು ಒಳಗೆ ಇಣುಕಿದೆ. ಹುಸೇನಸಾಬನ ಬಲಗೈಗೆ ಪಟ್ಟಿ ಕಟ್ಟಿತ್ತು, ಮಾಶಾಬಿ ತುತ್ತು ಮಾಡಿ ಅವನ ಬಾಯಿಗೆ ಇಡುತ್ತಿದ್ದಳು. ಅವನು ನನ್ನನ್ನು ಗುರುತು ಹಿಡಿದು, ಊಟಕ್ಕೆ ಬಂದೆಯೇನಪ್ಪ ಎಂದು ಕೇಳಿದ. ಏಟು ಯಾರದೆಂದು ಅವನಿಗೆ ಗೊತ್ತೇ ಇರಲಿಲ್ಲ. ಇಲ್ಲ, ಹಿಂಗೇ ಹೊಂಟಿದ್ದೆ ಎಂದು ಹೇಳಿ ಬಂದುಬಿಟ್ಟೆ.

ಕುಡಚಡೆಯಲ್ಲಿ ಇನ್ನೂ ಮೂರು ವರ್ಷ ಲಾರಿ ಓಡಿಸಿದೆ. ಚಂದವ್ವನ ಖಾನಾವಳಿ ಮೊದಲಿನ ಹಾಗೇ ನಡೆಯುತ್ತಿತ್ತು, ಅನ್ನ ಮಾತ್ರ ಹೊತ್ತುಹೊತ್ತಿಗೆ ಬೇಯಿಸುತ್ತಿದ್ದಳು. ನಾನು ಅಲ್ಲಿ ಮತ್ತೆ ಉಣ್ಣಲಿಲ್ಲ.